ಎರಡು ದೋಣಿ, ಎರಡು ಶಾಲು

ಒಂದು ರಾಜ್ಯ. ಅದರ ನಡುವೆ ಒಂದು ಹೊಳೆ. ಆಚೆ ದಡದಲ್ಲಿ ಅರಮನೆ, ಈಚೆ ದಡದಲ್ಲಿ ನಮ್ಮ ದ್ಯಾವಮ್ಮ. ದ್ಯಾವಮ್ಮ ಸೂಲಗಿತ್ತಿ. ಎರಡೂ ದಡದ ಮಕ್ಕಳು ಅವಳ ಕೈಮೇಲೆಯೇ ಭೂಮಿಗೆ ಬರಬೇಕು. ಮಕ್ಕಳೇನೋ ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ದೋಣಿಗಳದ್ದೇ ತಕರಾರು.

ದೋಣಿ ಎರಡಿದ್ದವು ಮಕ್ಕಳೇ. ಒಂದು ಅರಮನೆಯದು. ಗಟ್ಟಿ ಮರದ್ದು, ಆನೆ ಹತ್ತಿದರೂ ಅಲುಗದು. ಆದರೆ ಹತ್ತುವವರಿಗೆಲ್ಲ ಒಂದೊಂದು ಚೀಟಿ, ಚೀಟಿಗೆ ದೋಣಿಯ ಉಸ್ತುವಾರಿ ನೋಡುವ ಪಾರುಪತ್ಯಗಾರ ನರಸಪ್ಪಯ್ಯನ ಮುದ್ರೆ ಬೇಕು. ಇನ್ನೊಂದು ಸಂಗಪ್ಪಶೆಟ್ಟಿಯ ಸ್ವಂತ ದೋಣಿ. ಹಗುರ, ಚುರುಕು. ಕೂರಲು ಮೆತ್ತೆ, ಬಾಯಿಗೆ ಎಲೆ ಅಡಿಕೆ. ಆದರೆ ಹತ್ತು ಜನ ತುಂಬದೆ ಹೊರಡದು. ಇಬ್ಬರ ಮನೆಯೂ ಕೆಲಸವೂ ಈಚೆ ದಡದಲ್ಲೇ, ತಾವು ಹೊಳೆ ದಾಟುವುದು ಅಪರೂಪ.

ಒಂದು ಸಲ ಆಚೆಯಿಂದ ಹೆರಿಗೆಗೆ ಕರೆ ಬಂತು. ದ್ಯಾವಮ್ಮ ಅರಮನೆ ದೋಣಿಗೆ ಓಡಿದಳು.

"ಮುದ್ರೆ ಎಲ್ಲಮ್ಮ?" ಎಂದ ಅಂಬಿಗ.

"ಹೆರಿಗೆ ನೋವು ಮುದ್ರೆ ಕೇಳುತ್ತೇನಪ್ಪಾ?"

"ನೋವು ಕೇಳಲ್ಲಮ್ಮ, ನಾವು ಕೇಳ್ತೀವಿ. ಪಾರುಪತ್ಯಗಾರರು ಊಟಕ್ಕೆ ಹೋಗಿದ್ದಾರೆ."

ಊಟವಾಯಿತು, ನಿದ್ದೆಯಾಯಿತು, ಮುದ್ರೆ ಬಿತ್ತು. ಅವಳು ಹೋಗುವಷ್ಟರಲ್ಲಿ ಮಗು ತಾನೇ ಹುಟ್ಟಿ ಅಳುತ್ತಿತ್ತು. ಅದರ ಪುಣ್ಯ ದೊಡ್ಡದು.

ಎರಡನೇ ಸಲ ಆಚೆ ದಡದ ಗಿರಿಜೆ ಎಂಬುವಳಿಗೆ ನೋವು ಬಂತು. ದ್ಯಾವಮ್ಮ ಶೆಟ್ಟಿಯ ದೋಣಿಗೆ ಓಡಿದಳು.

"ಬನ್ನಿ ದ್ಯಾವಮ್ಮಾ, ನಿಮ್ಮದೇ ದೋಣಿ! ಎಲೆ ಹಾಕ್ಕೊಳ್ಳಿ. ಇನ್ನು ಒಂಬತ್ತು ಜನ ಬಂದ್ರೆ ಹೊರಟೇ ಬಿಟ್ವಿ!" ಎಂದ ಶೆಟ್ಟಿ.

ಒಂಬತ್ತನೆಯವನು ಬರುವಾಗ ಹೊತ್ತು ಇಳಿದಿತ್ತು. ಆ ಮಗು ಉಳಿಯಲಿಲ್ಲ. ದ್ಯಾವಮ್ಮ ಹೊಳೆ ದಡದಲ್ಲಿ ಕೂತು ಅತ್ತಳು.

ವರ್ಷ ಕಳೆಯಿತು. ಇತ್ತ ಅರಸನಿಗೆ ಒಂದು ಕುತೂಹಲ. ಯಾರ ಆಡಳಿತ ಮೇಲು, ತನ್ನ ದೋಣಿಯದೋ ಶೆಟ್ಟಿಯದೋ? ಮಂತ್ರಿ ವಿಚಾರಿಸಿಕೊಂಡು ಬಂದ.

"ಪ್ರಭು, ನಮ್ಮ ದೋಣಿ ಒಮ್ಮೆಯೂ ಮುಳುಗಿಲ್ಲ."

ಹೊರಟರಲ್ಲವೇ ಮುಳುಗುವುದು!

"ಶೆಟ್ಟಿಯ ದೋಣಿಯಿಂದ ಇಳಿದವರನ್ನೆಲ್ಲ ಕೇಳಿದೆ. ಎಲ್ಲರಿಗೂ ಸಂತೋಷವೇ."

ಹತ್ತಲಾಗದೆ ಉಳಿದವರನ್ನು ಅವನು ಕೇಳಿರಲಿಲ್ಲ. ಅರಸ ಹಿಗ್ಗಿ, ನರಸಪ್ಪಯ್ಯ, ಶೆಟ್ಟಿ ಇಬ್ಬರಿಗೂ ಶಾಲು ಹೊದಿಸುತ್ತೇನೆ, ಅರಮನೆಗೆ ಬರಲಿ ಎಂದ.

ಶಾಲು ಹೊದಿಸುವ ದಿನ ಬೆಳಿಗ್ಗೆಯೇ ಗಿರಿಜೆಗೆ ಮತ್ತೆ ಹೆರಿಗೆ ನೋವು. ಹೊಳೆ ಕೆಂಪಗೆ ಉಕ್ಕಿತ್ತು. ಈ ಮಗುವನ್ನಾದರೂ ಉಳಿಸಿಕೊಡು ತಾಯಿ ಎನ್ನುತ್ತಾ ದ್ಯಾವಮ್ಮ ಓಡಿಬಂದಳು. ನೋಡುತ್ತಾಳೆ, ಏನು ನೋಡುತ್ತಾಳೆ! ಬೇಗ ತಲುಪಬೇಕೆಂದು ನರಸಪ್ಪಯ್ಯ ಶೆಟ್ಟಿಯ ಮೆತ್ತೆಯ ಮೇಲೆ ಕೂತಿದ್ದಾನೆ. ಮುಳುಗಿದರೆ ಗತಿಯೇನೆಂದು ಶೆಟ್ಟಿ ಅರಮನೆ ದೋಣಿಯಲ್ಲಿ ಕೂತಿದ್ದಾನೆ.

"ಇನ್ನೂ ಒಂಬತ್ತು ಜನ ಬೇಕು ಸ್ವಾಮಿ," ಎಂದ ಶೆಟ್ಟಿಯ ಅಂಬಿಗ.

"ನಾನು ಯಾರು ಗೊತ್ತೇನೋ?"

"ಗೊತ್ತು ಸ್ವಾಮಿ. ಒಬ್ಬರು."

ಅತ್ತ ಅರಮನೆಯ ಅಂಬಿಗ ಶೆಟ್ಟಿಗೆ ಕೈ ಚಾಚಿದ. "ಮುದ್ರೆ?"

"ಮುದ್ರೆ ಒತ್ತೋರು ನನ್ನ ದೋಣಿಯಲ್ಲಿ ಕೂತಿದ್ದಾರಲ್ಲೋ!"

ಆಚೆ ದಡದಲ್ಲಿ ಸನ್ಮಾನದ ನಗಾರಿ ಮೊಳಗಿತು. ಇಬ್ಬರೂ ಬೆವೆತರು.

ದ್ಯಾವಮ್ಮ ಸೊಂಟಕ್ಕೆ ಸೆರಗು ಬಿಗಿದಳು. "ಶಾಲು ಬೇಕಾದ್ರೆ ನನ್ನ ಮಾತು ಕೇಳಿ. ಪಾರುಪತ್ಯಗಾರರೇ, ಇಲ್ಲಿ ನಿಂತಿರೋರಿಗೆಲ್ಲ ಮುದ್ರೆ ಒತ್ತಿ, ಅರಮನೆ ದೋಣಿ ಹತ್ತಿ. ಶೆಟ್ಟರೇ, ನಿಮ್ಮ ಚುರುಕು ಅಂಬಿಗರೂ ಇದಕ್ಕೇ ಹುಟ್ಟು ಹಾಕಲಿ."

ಗಟ್ಟಿ ದೋಣಿ, ಚುರುಕು ಕೈ. ಉಕ್ಕಿದ ಹೊಳೆಯನ್ನು ನೋಡನೋಡುತ್ತಲೇ ದಾಟಿದರು. ದ್ಯಾವಮ್ಮ ನಗಾರಿಯ ಕಡೆ ತಿರುಗಿಯೂ ನೋಡದೆ ಗಿರಿಜೆಯ ಮನೆಗೆ ಓಡಿದಳು. ಮಗುವಿನ ಕೊರಳಿಗೆ ಕರುಳಬಳ್ಳಿ ಸುತ್ತಿತ್ತು. ಬಿಡಿಸಿದಳು. ಹೆಣ್ಣು ಮಗು ಮನೆ ತುಂಬ ಅತ್ತಿತು. ಅವಳು ಕೈ ತೊಳೆದುಕೊಂಡು ಅರಮನೆಗೆ ಬಂದಾಗ ಸನ್ಮಾನದ ಭಾಷಣಗಳು ಇನ್ನೂ ಮುಗಿದಿರಲಿಲ್ಲ.

"ಪ್ರಭು, ಶಾಲು ಹೊದಿಸೋ ಮುಂಚೆ ಒಂದು ಮಾತು ಕೇಳಿ. ಇವತ್ತು ಯಾರು ಯಾರ ದೋಣಿ ಹತ್ತಿ ಕೂತಿದ್ರು?"

ಅರಸ ಇಬ್ಬರನ್ನೂ ವಿಚಾರಿಸಿದ. ಕೂತದ್ದು ತಮ್ಮ ದೋಣಿಯಲ್ಲಲ್ಲ ಎಂದು ಇಬ್ಬರೂ ಒಪ್ಪಿಕೊಂಡರು. ದ್ಯಾವಮ್ಮ ಎರಡು ಸಲದ ಕಥೆಯನ್ನೂ ಹೇಳಿದಳು. ಸತ್ತ ಮಗುವಿನ ಮಾತು ಬಂದಾಗ ಅರಸನ ಮುಖ ಬಾಡಿತು.

"ಇನ್ನು ಮೇಲೆ ನಿಮ್ಮ ಮನೆ ಈ ಅರಮನೆ ದಡದಲ್ಲಿ, ಕೆಲಸ ಆ ದಡದಲ್ಲಿ," ಎಂದ ಅವರಿಬ್ಬರಿಗೆ. "ದಿನಾ ನಿಮ್ಮ ನಿಮ್ಮ ದೋಣಿಯಲ್ಲೇ ಬನ್ನಿ. ಕಾದವರೆಲ್ಲ ಹತ್ತಿದ ಮೇಲೆ ನೀವು ಹತ್ತಿ."

ವಾರವಾಗಲಿಲ್ಲ, ಮುದ್ರೆಯ ಕಟ್ಟಳೆ ಹೋಯಿತು. ಶೆಟ್ಟಿಯ ದೋಣಿಗೆ ಗಟ್ಟಿ ಹಲಗೆ ಬಂತು, ಒಬ್ಬರಿದ್ದರೂ ಹೊರಟಿತು. ಶಾಲುಗಳೋ? ಅರಸ ಅವನ್ನು ದ್ಯಾವಮ್ಮನ ಕೈಗೆ ಕೊಟ್ಟ. ಒಂದರಲ್ಲಿ ಗಿರಿಜೆ ಮಗಳನ್ನು ಸುತ್ತಿ ಮಲಗಿಸಿದಳು. ಇನ್ನೊಂದನ್ನು ದ್ಯಾವಮ್ಮ ಮಡಿಚಿಟ್ಟಿದ್ದಾಳೆ, ಮುಂದೆ ಹುಟ್ಟುವ ಮಗುವಿಗೆ.

ನೀತಿ ಇಷ್ಟೇ ಮಕ್ಕಳೇ: ದೋಣಿ ಅರಸನದಾದರೂ ಸರಿ, ಶೆಟ್ಟಿಯದಾದರೂ ಸರಿ. ನಡೆಸುವವನು ತಾನೂ ಅದನ್ನೇ ಹತ್ತಬೇಕು, ಹೊಗಳುವವನು ದಡದಲ್ಲಿ ಉಳಿದವರನ್ನೂ ಕೇಳಬೇಕು.