ಅರಸನ ಬಾಯಿ ನೋಡಿದ ಮುದ್ದೀರ

"ಕೇಳ್ರಪ್ಪೋ ಕೇಳಿ, ಕುಂದರಗಿರಿಯ ಅರಸರು ಬೊಪ್ಪರಸರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ" ಅಂತ ಡಂಗುರ ಸಾರಿದಾಗ ಊರಿಗೆ ಊರೇ ಕಕ್ಕಾಬಿಕ್ಕಿಯಾಯಿತು. ಅರಸರಿಗೆ ಹದಿನೈದು ದಿನದಿಂದ ಜ್ವರ. ಜ್ವರ ಬಂದವರು ಗಂಜಿ ಕೇಳಬೇಕೋ, ಒಗಟು ಹಾಕಬೇಕೋ, ನೀವೇ ಹೇಳಿ.

ಹಿಂದಿನದನ್ನು ಒಂದಿಷ್ಟು ಹೇಳಿಬಿಡುತ್ತೇನೆ. ವರ್ಷದ ಕೆಳಗೆ ಅರಸರ ಎರಡೂ ಮೂತ್ರಪಿಂಡ ಕೆಟ್ಟವು. ಈಗ ನಾವು ಕಿಡ್ನಿ ಅನ್ನುತ್ತೇವಲ್ಲ, ಅದೇ. ಒಬ್ಬಳೇ ಮಗಳು ಪದ್ಮಲೆ ತನ್ನದೊಂದನ್ನು ಕೊಟ್ಟಳು, ಸೋಮಯ್ಯ ಪಂಡಿತರು ಅದನ್ನು ಅರಸರ ಹೊಟ್ಟೆಯಲ್ಲಿಟ್ಟು ಹೊಲಿದರು. ಹೇಗೆ ಹೊಲಿದರೋ ನನ್ನನ್ನು ಕೇಳಬೇಡಿ. ಅಂದಿನಿಂದ ಬೆಳಿಗ್ಗೆ ಸಂಜೆ ತಪ್ಪದೆ ಮದ್ದು. ಈಗ ಈ ಜ್ವರ. ತಾನು ಕೊಟ್ಟದ್ದೇ ಕೆಡುತ್ತಿದೆ, ಅಪ್ಪ ಇನ್ನು ಉಳಿಯುವುದಿಲ್ಲ ಎಂದು ಪದ್ಮಲೆಗೆ ಅನ್ನ ಸೇರದು. ಪಂಡಿತರು ದಿನಾ ಹೊಟ್ಟೆ ಒತ್ತಿ ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು. ಬಾಯಿ ನೋಡುವಂತಿರಲಿಲ್ಲ. ಅರಸರ ಬಾಯನ್ನು ಯಾರೂ ನೋಡಬಾರದೆಂಬುದು ಆ ಮನೆತನದ ಕಟ್ಟಳೆ. ಅವರು ರೇಷ್ಮೆ ವಸ್ತ್ರ ಅಡ್ಡ ಹಿಡಿದೇ ಮಾತಾಡುವರು, ಉಳಿದವರು ಪಾದ ನೋಡುತ್ತ ನಿಲ್ಲುವರು.

ತುಂಬಿದ ಸಭೆಯಲ್ಲಿ ಅರಸರು ಕೇಳಿದರು. "ಒಂದು ಮನೆಗೆ ನೆಂಟ ಬಂದಿದ್ದಾನೆ. ಅವನು ಉಳಿಯಬೇಕಾದರೆ ಮನೆಯ ಕಾವಲುಗಾರರಿಗೆ ಎರಡು ಹೊತ್ತೂ ತೂಕಡಿಕೆ ಬರಿಸಬೇಕು, ಇಲ್ಲದಿದ್ದರೆ ಅವರೇ ಅವನನ್ನು ಬಡಿದುಹಾಕುತ್ತಾರೆ. ಮನೆ ಯಾವುದು, ನೆಂಟ ಯಾರು? ಆ ಮನೆಯ ಹೆಬ್ಬಾಗಿಲ ಗೋಡೆ ಉಬ್ಬಿ ಉಬ್ಬಿ ತನ್ನ ಕಲ್ಲುಗಳನ್ನೇ ಮುಚ್ಚುತ್ತಿದೆ, ದಪ್ಪವಾದಷ್ಟೂ ಕಳ್ಳರಿಗೇ ಅನುಕೂಲ. ಅದು ಯಾವ ಗೋಡೆ? ಅಲ್ಲೊಂದು ಕೆಟ್ಟ ಕಲ್ಲಿದೆ, ಕೀಳಬೇಕು. ಕೀಳುವ ಮೊದಲು ಮಾಡಬೇಕಾದ್ದೇನು?"

ಜೋಯಿಸರು ಮನೆಯೆಂದರೆ ಆಕಾಶ, ನೆಂಟ ಚಂದ್ರ ಎಂದು ಹೇಳಿ ಸೆರೆಮನೆ ಸೇರಿದರು. ದಳವಾಯಿಯು ಕೋಟೆಯ ಮೂಡಣ ಗೋಡೆಯೇ ಅದು ಅಂದು ಅರ್ಧ ಕೆಡವಿಸಿಯೂ ಬಿಟ್ಟಿದ್ದ, ಅವನೂ ಸೆರೆಗೆ ಹೋದ. ಪಕ್ಕದ ನಾಡಿನ ರಾಜಕುಮಾರ ನೆಂಟ ತಾನೇ ಅಂದುಕೊಂಡ, ಪಾಪ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು, ಅರಸರಿಗೆ ಕೂರಲೂ ಆಗುತ್ತಿರಲಿಲ್ಲ.

ಅರಮನೆಗೆ ಎತ್ತು ತಂದಿದ್ದ ಮುದ್ದೀರ ಸಭೆಯ ಬಾಗಿಲಲ್ಲಿ ನಿಂತಿದ್ದ. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುವುದು ಅವನ ಕಸುಬು. ಕಟ್ಟಳೆ ಗಿಟ್ಟಳೆ ಅವನಿಗೇನು ಗೊತ್ತು? ಅಭ್ಯಾಸಬಲ, ನೇರ ಬಾಯಿಯನ್ನೇ ನೋಡಿದ. ವಸ್ತ್ರದ ಮೇಲೆ ರಕ್ತದ ಕಲೆ, ಒಂದು ಕೆನ್ನೆ ಊದಿದೆ. ಅವನು ಮುಂದೆ ಬಂದ.

"ಬುದ್ಧಿ, ಎರಡನೇದು ಮೊದ್ಲು ಹೇಳ್ತೀನಿ. ಹೆಬ್ಬಾಗಿಲು ನಿಮ್ಮ ಬಾಯಿ. ಗೋಡೆ ವಸಡು, ಕಲ್ಲು ಹಲ್ಲು."

ಭಟರು ಕತ್ತಿ ಹಿರಿದರು. ಅರಸರು ಕೈಯೆತ್ತಿ ತಡೆದು, ಮುಂದೆ ಹೇಳು ಅಂದರು. ಮುದ್ದೀರ ತಡವರಿಸಿದ. ಹಾಗಾದರೆ ಮನೆ ಅಂದರೆ ಅರಸರ ಮೈಯೇ ಇರಬೇಕು, ನೆಂಟ ಅಂದರೆ ಪದ್ಮಲೆ ಅಮ್ಮಾವರು ಕೊಟ್ಟಿದ್ದು. ಎರಡು ಹೊತ್ತಿನ ಮದ್ದು ಮೈಯ ಕಾವಲನ್ನು ತೂಕಡಿಸುತ್ತದೋ ಏನೋ, ತನಗೆ ಸರಿಯಾಗಿ ತಿಳಿಯದು ಅಂದ. ಪಂಡಿತರು ಹಣೆ ಚಚ್ಚಿಕೊಂಡರು. ಮದ್ದು ಮಾಡುವುದೇ ಅದನ್ನು, ಅದೇ ಮದ್ದಿಗೆ ಕೆಲವರ ವಸಡು ಬೆಳೆಯುವುದೂ ಉಂಟು, ಉಬ್ಬಿದ ವಸಡಿನ ಸಂದಿಯಲ್ಲಿ ಕಟ್ಟಿದ ಕೀವೇ ಕಳ್ಳ, ಅದು ಕಾವಲಿಲ್ಲದ ಮೈಗೆ ಇಳಿದೇ ಈ ಜ್ವರ ಬಂದಿದೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದರು.

ಅರಸರು ಚಿಮಟ ತರಿಸಿ ಮುದ್ದೀರನ ಮುಂದೆ ಹಿಡಿದು, ಹಾಗಾದರೆ ಕೀಳು ಅಂದರು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿದ. ಇವನ ತಲೆಯೂ ಹೋಯಿತು ಎಂದು ಪಕ್ಕದಲ್ಲಿದ್ದ ಪದ್ಮಲೆ ಕಣ್ಣು ಮುಚ್ಚಿದಳು.

"ಕೀಳಲ್ಲ ಬುದ್ಧಿ. ಮದ್ದು ಹಾಕಿದೋರನ್ನ ಕೇಳ್ದೆ ನಾನು ಎತ್ತಿನ ಹಲ್ಲೂ ಮುಟ್ಟಿದೋನಲ್ಲ. ಮೊದ್ಲು ಪಂಡಿತರನ್ನ ಕೇಳಿ."

"ಮೂರನೆಯದರ ಉತ್ತರವೇ ಅದು" ಅಂದರು ಅರಸರು.

ಪಂಡಿತರು ಮೊದಲು ಕೀವು ಹರಡದಂತೆ ಔಷಧಿ ಕೊಟ್ಟು, ಆಮೇಲೆ ಹಲ್ಲು ತೆಗೆದು, ವಸಡು ಶುದ್ಧ ಮಾಡಿ, ಎರಡು ಹೊತ್ತಿನ ಮದ್ದನ್ನೂ ಬದಲಿಸಿದರು. ಒಂಬತ್ತನೆಯ ದಿನ ಜ್ವರ ಬಿಟ್ಟಿತು. ಒಗಟು ಬಿಡಿಸಿದ ದಿನವೇ ಏನು ಬೇಕೆಂದು ಕೇಳಿದ್ದಕ್ಕೆ ಮುದ್ದೀರ ಸೆರೆಯಲ್ಲಿದ್ದವರನ್ನು ಬಿಡಿಸಿಕೊಂಡಿದ್ದ. ಅರಸರು ಅಷ್ಟಕ್ಕೇ ಬಿಡದೆ ಊರೊಂದನ್ನು ಉಂಬಳಿ ಕೊಟ್ಟರು.

ಎಲ್ಲ ಮುಗಿದ ಮೇಲೆ ಪದ್ಮಲೆ ಅಪ್ಪನನ್ನು ಕೇಳಿದಳು, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು. 

"ಆರು ತಿಂಗಳಿಂದ ರಕ್ತ ಬರುತ್ತಿತ್ತು ಮಗಳೇ. ಹೇಳಿದರೆ, ನಿನ್ನದು ನನ್ನ ಮೈಗೆ ಆಗಿಬರಲಿಲ್ಲ ಅಂತ ನೀನು ನೊಂದುಕೊಳ್ಳುತ್ತೀ ಅಂತ ಹೆದರಿದೆ. ಯಾರಾದರೂ ತಾವಾಗಿಯೇ ಕಂಡುಹಿಡಿಯಲಿ ಅಂತ ಒಗಟು ಹಾಕಿದೆ."

ಪದ್ಮಲೆಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ನಾನು ನೊಂದುಕೊಳ್ಳಬಾರದು ಅಂತ, ನಾನು ಕೊಟ್ಟದ್ದನ್ನೇ ಸಾಯಿಸಲು ಹೊರಟಿದ್ದಿರಲ್ಲ ಅಪ್ಪಾಜಿ" ಅಂದಳು.

ಅರಸರು ಮಗಳ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡು, ಅವಳಿಗೆ ಬಾಯಿ ತೆರೆದು ತೋರಿಸಿದರು.