ಜೂಜೆ ಬದಲಾಯಿಸಿದ ವಾಲ್ವ್

ನೌಕಾಪಡೆಗೆ ಸಾಮಾನು ಒಯ್ಯುವ ಹಡಗೊಂದರಲ್ಲಿ ಮಾಬ್ಲು ಹರಿಕಂತ್ರ ಬಿಡಿಭಾಗಗಳ ಗುಮಾಸ್ತ. ಸಮುದ್ರದ ನೀರು ಒಳನುಗ್ಗದಂತೆ ತಡೆಯುವ ವಾಲ್ವ್ ಸವೆದಿತ್ತು. ಬದಲಾಯಿಸಲು ಮೂರು ದಿನ ಬೇಕು. ಹೊಸದಾಗಿ ಬಂದ ಇಂಜಿನಿಯರ್ ದೇಸಾಯರಿಗೆ ಅಷ್ಟು ತಾಳ್ಮೆ ಎಲ್ಲಿಯದು?

"ನಾಳೆ ಹೊರಡಬೇಕು. ಮಾರ್ಚಿನಲ್ಲೇ ವಾಲ್ವ್ ಬದಲಾಯಿಸಿ ಆಗಿದೆ ಅಂತ ರಿಜಿಸ್ಟರಿನಲ್ಲಿ ಬರಿ. ಇಲ್ಲದಿದ್ದರೆ ಕೆಲಸ ಬಿಡು."

"ಬದಲಾಯಿಸಿದ್ದು ಯಾರು ಅಂತ ಬರೀಲಿ ಸಾರ್?"

"ಯಾರಾದರೂ ಫಿಟ್ಟರ್ ಹೆಸರು ಹಾಕಯ್ಯ!"

ಮಾಬ್ಲು ನಿಧಾನವಾಗಿ ಬರೆದ: ಜೂಜೆ ಫರ್ನಾಂಡಿಸ್.

"ಇನ್ನು ನೀವು ಕೆಳಗಿಳಿದು ಫಿಟ್ಟರ್ ಎದುರಿಗೇ ನೋಡಿ ಸಹಿ ಮಾಡಬೇಕು ಸಾರ್. ನಿಯಮ."

ಇಬ್ಬರೂ ಪಂಪಿನ ಕೋಣೆಗೆ ಇಳಿದರು. ಒಂದೇ ಬಲ್ಬು ಮಿಣುಕುತ್ತಿತ್ತು. ಹೊರಗಿನ ನೀರು ಗೋಡೆಯನ್ನು ಸವರುವ ಸದ್ದು ಉಸಿರಾಡಿದಂತೆ ಕೇಳುತ್ತಿತ್ತು.

ಮಾಬ್ಲು ಕತ್ತಲ ಮೂಲೆಗೆ ತಿರುಗಿ ಮೆಲ್ಲಗೆ ಕರೆದ. "ಜೂಜೆ, ಸಾಹೇಬರು ಬಂದಿದ್ದಾರೆ."

"ಎಲ್ಲಿದ್ದಾನೆ ಅವನು?"

"ನೀವೀಗ ನಿಂತಿರೋ ಜಾಗದಲ್ಲೇ ಜನವರಿಯಲ್ಲಿ ಎದೆನೋವಿನಿಂದ ತೀರಿಹೋದ ಸಾರ್. ಮಾರ್ಚಿನಲ್ಲಿ ಅವನ ಕೈಲಿ ಕೆಲಸ ಮಾಡಿಸಿದವರು ನೀವು."

ದೇಸಾಯರು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಆ ಹೆಸರು ಹೊಡೆದುಹಾಕು!"

"ಹೊಡೆದುಹಾಕಿದರೆ ಪಕ್ಕದಲ್ಲಿ ಅವನದೇ ಸಹಿ ಬೇಕು. ಕೇಳಲಾ?"

"ಬೇಡ! ಹೊಸ ವಾಲ್ವ್ ತರಿಸು." ಏಣಿಯ ಮೇಲೆ ನಿಂತೇ, ಮಾಬ್ಲು ಚಾಚಿದ ಬೇಡಿಕೆ ಚೀಟಿಗೆ ಸಹಿ ಹಾಕಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಅವನಿಗೆ ಸಿಟ್ಟೇನೂ ಇಲ್ಲವಲ್ಲ?"

"ವಾಲ್ವ್ ಬರಲಿ ಸಾರ್, ವಿಚಾರಿಸ್ತೇನೆ."

ಮೂರನೆಯ ದಿನ ಹಳೆಯ ವಾಲ್ವನ್ನು ಬಿಚ್ಚಿದರು. ಅದು ಫಿಟ್ಟರನ ಅಂಗೈಯಲ್ಲೇ ಎರಡು ಹೋಳಾಯಿತು. ದೇಸಾಯರು ಟೋಪಿ ತೆಗೆದು, ಆ ಖಾಲಿ ಮೂಲೆಯತ್ತ ತಲೆಬಾಗಿದರು.