ಬಾಕ್ ಡಾಂಗ್ ಹೊಳೆಯ ಗೂಟಗಳು

ವಿಯೆಟ್ನಾಮಿನ ಬಾಕ್ ಡಾಂಗ್ ಹೊಳೆಯಲ್ಲಿ ಲುವಾ ಎಂಬ ಅಂಬಿಗಿತ್ತಿ ದೋಣಿ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ರಾಜಧಾನಿಗೆ ಹೊರಟಿದ್ದ ಉತ್ತರದ ಚಕ್ರವರ್ತಿಯ ರಾಯಭಾರಿ ದೊಡ್ಡ ಹಡಗಿನಲ್ಲಿ ಬಂದು ಲಂಗರು ಹಾಕಿದ. ಆಗ ಸಮುದ್ರ ಇಳಿದಿತ್ತು. ಹೊಳೆಯ ನೀರೂ ತಗ್ಗಿ, ಕೆಸರಿನಲ್ಲಿ ನೂರಾರು ಚೂಪು ಗೂಟಗಳು ಎದ್ದು ಕಾಣುತ್ತಿದ್ದವು. ಹಿಂದೆ ಉತ್ತರದವರು ದಂಡೆತ್ತಿ ಬಂದಾಗ ಅವರ ಹಡಗು ಸೀಳಲೆಂದೇ ಊರಿನ ಹಿರಿಯರು ನೆಟ್ಟ ಗೂಟಗಳು ಅವು.

ರಾಯಭಾರಿಗೆ ಮೈಯೆಲ್ಲ ಉರಿಯಿತು.

"ಎಲ್ಲರೂ ತಲೆ ಬಗ್ಗಿಸಿ ಕೇಳಿ! ಇದು ನಮಗೆ ಅವಮಾನ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಗೂಟ ಕಣ್ಣಿಗೆ ಬಿದ್ದರೂ ಊರಿಗೆ ಬೆಂಕಿ ಇಡಿಸುತ್ತೇನೆ."

ಊರವರು ತಲೆ ಬಗ್ಗಿಸಿದರು. ಲುವಾ ಮಾತ್ರ ತಲೆಯೆತ್ತಿ, "ಆಗಲಿ ಸ್ವಾಮಿ" ಎಂದಳು. ಆಮೇಲೆ ದಡದಲ್ಲಿ ಕೂತು ನಿಧಾನವಾಗಿ ಎಲೆಯಡಿಕೆ ಹಾಕಿಕೊಂಡಳು.

ರಾಯಭಾರಿ ಉಂಡು, ಒಂದು ನಿದ್ದೆ ತೆಗೆದು ಹೊರಗೆ ಬಂದ. ಅಷ್ಟರಲ್ಲಿ ಸಮುದ್ರ ಉಬ್ಬಿ ಹೊಳೆ ತುಂಬಿತ್ತು. ಒಂದು ಗೂಟವೂ ಕಾಣಲಿಲ್ಲ. ಅವನು ಮೀಸೆ ತಿರುವಿದ.

"ನೋಡಿದಿರಾ, ನನ್ನ ಒಂದು ಮಾತಿಗೆ ಎಲ್ಲ ಕಿತ್ತು ಹಾಕಿದರು! ಬಿಡಿ ಹಡಗು!"

"ಬಿಡಿ ಸ್ವಾಮಿ," ಎಂದಳು ಲುವಾ. "ಹಿಂದೆ ನಿಮ್ಮ ಸೇನಾಪತಿಗಳೂ ಹೊಳೆ ಹೀಗೇ ತುಂಬಿದ್ದಾಗ ನೋಡಿ, ಗೂಟವೇ ಇಲ್ಲ ಅಂತ ಹೊರಟರು. ನಡುದಾರಿಯಲ್ಲೇ ನೀರು ಇಳಿಯಿತು. ಅವರ ಹಡಗುಗಳು ಇನ್ನೂ ಇಲ್ಲೇ ತಳದಲ್ಲಿವೆ."

ರಾಯಭಾರಿಯ ಮುಖ ಬಿಳಿಚಿಕೊಂಡಿತು. ಕೈ ಮೀಸೆಯ ಮೇಲೇ ನಿಂತುಬಿಟ್ಟಿತು. "ಅಮ್ಮಾ, ರಾಜಧಾನಿಗೆ ನಿನ್ನ ದೋಣಿಯಲ್ಲೇ ಬರುತ್ತೇನೆ," ಎಂದ ಮೆಲ್ಲಗೆ.

"ಅದಕ್ಕೇನು, ಬನ್ನಿ. ನಮ್ಮ ದೋಣಿಯ ಬಿದಿರು ಚಾವಣಿ ಸ್ವಲ್ಪ ತಗ್ಗು. ತಲೆ ಬಗ್ಗಿಸಿಕೊಂಡೇ ಬರಬೇಕು ಸ್ವಾಮಿ."